ಮಾರಾಟದ ಮನೆಯೂ ನಗೆಯ ಚಿತ್ರವೂ

ಮನೆಯನ್ನು ಮಾರಲಿಚ್ಛಿಸುವವನು ಅದರ ಗುಣಗಳನ್ನು ಹೊಗಳುವುದೂ ದೋಷಗಳನ್ನು ಮರೆಮಾಡುವುದೂ ಲೋಕದಲ್ಲಿ ಮೊದಲಿನಿಂದ ನಡೆದುಬಂದ ರೂಢಿ. ಆದರೆ ಹೊಗಳಬೇಕೆಂದು ಹೊರಟು, ತನಗರಿವಿಲ್ಲದೆಯೇ ಮನೆಯ ಗುಟ್ಟನ್ನೆಲ್ಲ ಬಯಲಿಗಿಟ್ಟು, ನೋಡಿದವರನ್ನು ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡುವ ಒಂದು ವಿಚಿತ್ರ ಕಲೆಯು ಈ ಕಾಲದಲ್ಲಿ ಬೆಳೆದಿದೆ. ಮನೆಗಳ ಮಾರಾಟಕ್ಕಾಗಿ ದಳ್ಳಾಳಿಗಳು ಪ್ರಕಟಿಸುವ ಛಾಯಾಚಿತ್ರಗಳ ವಿಷಯವನ್ನೇ ನಾವು ಹೇಳುತ್ತಿರುವುದು.

ಬ್ರಿಟನ್ನಿನ ಆಂಡಿ ಡೊನಾಲ್ಡ್‌ಸನ್ ಎಂಬವರು ಇಂತಹ ಚಿತ್ರಗಳನ್ನು ಕಲೆಹಾಕಿ, ತಮ್ಮ ಟೀಕೆಯೊಡನೆ 2014ರಲ್ಲಿ ‘ಟೆರಿಬಲ್ ಎಸ್ಟೇಟ್ ಏಜೆಂಟ್ ಫೋಟೋಸ್’ ಎಂಬ ಪುಸ್ತಕವನ್ನು ಹೊರತಂದರು. ಮನೆದಳ್ಳಾಳಿಗಳ ಘೋರ ಛಾಯಾಚಿತ್ರಗಳೆಂದು ಅದರ ಅರ್ಥ. ಈ ಜಾತಿಯ ಚಿತ್ರಗಳಲ್ಲಿ ಕೆಲವು ಪ್ರಸಿದ್ಧ ಪ್ರಭೇದಗಳುಂಟು. ಬಚ್ಚಲುಮನೆಯ ಕನ್ನಡಿಯಲ್ಲಿ, ಒಂದು ಕಣ್ಣು ಮುಚ್ಚಿ ಕ್ಯಾಮರಾ ಹಿಡಿದ ದಳ್ಳಾಳಿಯೇ ಗೃಹದೇವತೆಯಂತೆ ದರ್ಶನ ಕೊಡುವುದು ಒಂದು. ಶೌಚದ ಪೀಠದ ಮುಚ್ಚಳವು ತೆರೆದಿದ್ದು, ಚಿತ್ರದ ನಾಯಕಸ್ಥಾನವನ್ನು ಅದೇ ಆಕ್ರಮಿಸುವುದು ಎರಡನೆಯದು. ವಿಶಾಲವಾದ ಮಲಗುವ ಕೋಣೆ ಎಂದು ಕೆಳಗೆ ಬರೆದು, ಮೇಲೆ ಒಗೆದ ಬಟ್ಟೆಗಳ ರಾಶಿಯನ್ನೂ ಅದರ ಮೇಲೆ ನಿದ್ರಿಸುವ ನಾಯಿಯನ್ನೂ ಮಾತ್ರ ತೋರಿಸುವುದು ಮೂರನೆಯದು. ಸೊಂಟದುದ್ದ ಬೆಳೆದ ಕಳೆಯ ನಡುವೆ ಮುರುಕು ಪ್ಲಾಸ್ಟಿಕ್ ಕುರ್ಚಿಯೊಂದನ್ನಿಟ್ಟು ‘ಉದ್ಯಾನ’ವೆನ್ನುವುದು ನಾಲ್ಕನೆಯದು.

ಇಷ್ಟು ಸ್ಥೂಲವಾದ ದೋಷವು ಚಿತ್ರ ತೆಗೆದವನ ಕಣ್ಣಿಗೇಕೆ ಬೀಳಲಿಲ್ಲವೆಂದು ವಾಚಕರು ಕೇಳಬಹುದು. ನಮ್ಮ ಕಣ್ಣು ಮನಸ್ಸಿನ ಸೇವಕ. ಮನಸ್ಸು ಬೇಡವೆಂದುದನ್ನು ಕಣ್ಣು ಕಾಣುವುದಿಲ್ಲ. ಪಡಸಾಲೆಯಲ್ಲಿ ಬಟ್ಟೆಯ ಹಗ್ಗ ಕಟ್ಟಿ ಇಪ್ಪತ್ತು ವರ್ಷವಾದ ಮನೆಯವರಿಗೆ ಆ ಹಗ್ಗವು ಇಲ್ಲದಂತೆಯೇ ಸರಿ. ಕ್ಯಾಮರಾ ಎಂಬುದಾದರೋ ಯಾರ ದಾಕ್ಷಿಣ್ಯವೂ ಇಲ್ಲದ ಸಾಕ್ಷಿ. ಎದುರಿಗಿದ್ದುದನ್ನೆಲ್ಲ ಅದು ಸಮಭಾವದಿಂದ ಸ್ವೀಕರಿಸುತ್ತದೆ. ಕಿಟಕಿಯ ಹೊರಗಿನ ಬಿಸಿಲಿಗೂ ಒಳಗಿನ ನೆರಳಿಗೂ ಒಂದೇ ಸಲ ಹೊಂದಿಕೊಳ್ಳಲಾರದೆ, ಕೋಣೆಯನ್ನು ಗವಿಯನ್ನಾಗಿ ಮಾಡುವುದೂ ಉಂಟು. ಅದನ್ನು ಮೇಲಕ್ಕೋ ಕೆಳಕ್ಕೋ ಬಾಗಿಸಿ ಹಿಡಿದರೆ, ನೆಟ್ಟಗಿರುವ ಗೋಡೆಗಳು ಇಂದೋ ನಾಳೆಯೋ ಬೀಳುವವೆಂಬಂತೆ ತೋರುತ್ತವೆ.

ಇಂತಹ ಚಿತ್ರಗಳನ್ನು ಕಂಡು ನಗುವುದು ಸಹಜ. ನಗೆಯಲ್ಲಿಯೂ ತಾರತಮ್ಯವುಂಟೆಂದು ನಮ್ಮ ಹಿರಿಯರು ಬಲ್ಲರು. ಭರತನು ತನ್ನ ನಾಟ್ಯಶಾಸ್ತ್ರದಲ್ಲಿ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಗಳನ್ನು ಹೇಳಿ, ಮೊದಲೆರಡನ್ನು ಉತ್ತಮರಿಗೂ, ನಡುವಿನ ಎರಡನ್ನು ಮಧ್ಯಮರಿಗೂ, ಕಡೆಯವೆರಡನ್ನು ಅಧಮರಿಗೂ ಹಂಚಿರುವನು. ಕನ್ನಡಿಯಲ್ಲಿ ಸಿಕ್ಕಿಬಿದ್ದ ದಳ್ಳಾಳಿಯನ್ನು ಕಂಡು ಗಟ್ಟಿಯಾಗಿ ನಕ್ಕರೂ ದೋಷವಿಲ್ಲವೆಂದು ನಮ್ಮ ಮತ. ಆದರೆ ಅದೇ ಚಿತ್ರದ ಮೂಲೆಯಲ್ಲಿ ಒಂದು ಊರುಗೋಲೂ, ಔಷಧದ ಸೀಸೆಗಳೂ, ಕುಳಿತು ಕುಳಿತು ಗುಳಿಬಿದ್ದ ಆರಾಮಕುರ್ಚಿಯೂ ಕಾಣಿಸಿದರೆ, ನಗೆಯು ಸ್ಮಿತದಲ್ಲಿಯೇ ನಿಲ್ಲುವುದು ಲೇಸು. ಮನೆಗಳು ಮಾರಾಟಕ್ಕೆ ಬರುವುದು ಸಂತೋಷದಿಂದ ಮಾತ್ರವೇ ಅಲ್ಲ. ಹಿರಿಯರ ಮರಣದಿಂದ, ಸಾಲದಿಂದ, ಒಡೆದ ಸಂಸಾರದಿಂದ ಬರುವುವೂ ಅನೇಕ. ಆ ಹಳೆಯ ಕುರ್ಚಿಯನ್ನು ಎತ್ತಿಡಲು ಮನೆಯವರಿಗೆ ಮನಸ್ಸು ಬಾರದೆ ಇದ್ದಿರಬಹುದು.

ಇನ್ನೊಂದು ಮಾತು. ಕೆಟ್ಟ ಚಿತ್ರವು ನಗೆಗೀಡಾದರೂ ಪ್ರಾಯಶಃ ಸುಳ್ಳು ಹೇಳುವುದಿಲ್ಲ. ನಾವು ಅಂಜಬೇಕಾದುದು ಅತಿ ಸುಂದರವಾದ ಚಿತ್ರಕ್ಕೆ. ಮೂವತ್ತೈದು ಮಿಲಿಮೀಟರ್ ಫಿಲ್ಮಿನ ಅಳತೆಯ ಕ್ಯಾಮರಾಕ್ಕೆ 50 ಮಿಲಿಮೀಟರಿನ ಸಾಧಾರಣ ಮಸೂರವನ್ನು ಹಾಕಿದರೆ, ಮೂಲೆಯಿಂದ ಮೂಲೆಗೆ ಸುಮಾರು 47 ಡಿಗ್ರಿಗಳಷ್ಟು ನೋಟವು ಹಿಡಿಯುತ್ತದೆ. 16 ಮಿಲಿಮೀಟರಿನ ವಿಶಾಲಮಸೂರವನ್ನು ಹಾಕಿದರೆ ಸುಮಾರು 107 ಡಿಗ್ರಿಗಳಷ್ಟು ಹಿಡಿಯುತ್ತದೆ. ಹೀಗಾಗಿ ಎದುರುಗೋಡೆಯು ದೂರ ಸರಿದು, ಉಗ್ರಾಣದಂತಹ ಕೋಣೆಯು ಕಲ್ಯಾಣಮಂಟಪವಾಗುತ್ತದೆ. ಈಗ ಇದನ್ನೂ ಮೀರಿ, ಬರಿಯ ಕೋಣೆಗೆ ಗಣಕಯಂತ್ರದಿಂದಲೇ ಸೋಫಾ, ರತ್ನಗಂಬಳಿಗಳನ್ನು ಬರೆದು ತುಂಬಿಸುವರು. ಗೋಡೆಯ ಬಿರುಕನ್ನು ಅಳಿಸುವುದೂ ಅಷ್ಟೇ ಸುಲಭ.

ಚಿತ್ರವೂ ಸುಳ್ಳಾಡಬಲ್ಲುದೆಂಬುದನ್ನು ಕಾನೂನು ಬಲ್ಲವರು ಮನಗಂಡಿರುವರು. ಬ್ರಿಟನ್ನಿನಲ್ಲಿ ಆಸ್ತಿಯ ತಪ್ಪುವರ್ಣನೆಯನ್ನು ಕುರಿತು 1991ರಲ್ಲಿ ಆದ ಕಾಯಿದೆಯು, ಹೇಳಿಕೆಯೆಂಬುದು ಮಾತಿನಿಂದಲ್ಲದೆ ಚಿತ್ರದಿಂದಲೂ ಆಗಬಹುದೆಂದು ಸ್ಪಷ್ಟಪಡಿಸಿತ್ತು. 2013ರಲ್ಲಿ ಅದು ರದ್ದಾಗಿ, ಅದರ ಕೆಲಸವು ಗ್ರಾಹಕರ ರಕ್ಷಣೆಯ ಸಾಮಾನ್ಯ ನಿಯಮಗಳಿಗೆ ಸೇರಿತು. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ 2025ರಲ್ಲಿ ಅಂಗೀಕೃತವಾದ ಕಾಯಿದೆಯ ಮೇರೆಗೆ, 2026ರ ಜನವರಿ 1ರಿಂದ, ಮನೆಯ ಚಿತ್ರವನ್ನು ಯಂತ್ರದಿಂದ ಮಾರ್ಪಡಿಸಿದ ದಳ್ಳಾಳಿಯು ಹಾಗೆಂದು ಎದ್ದುಕಾಣುವಂತೆ ತಿಳಿಸಿ, ಮೂಲಚಿತ್ರವನ್ನೂ ನೋಡಲು ದಾರಿ ಮಾಡಿಕೊಡಬೇಕು. ನಮ್ಮ ದೇಶದಲ್ಲಿ, ರೇರಾ ಎಂದು ಜನರು ಕರೆಯುವ 2016ರ ಕಾಯಿದೆಯ 12ನೆಯ ಪ್ರಕರಣವು, ಜಾಹೀರಾತಿನ ಇಲ್ಲವೆ ಮಾದರಿ ಮನೆಯ ಸುಳ್ಳು ವಿವರವನ್ನು ನಂಬಿ ಮುಂಗಡ ಕೊಟ್ಟು ನಷ್ಟಪಟ್ಟವನಿಗೆ ಪರಿಹಾರವನ್ನೂ, ಅವನು ಹಿಂದೆಗೆಯಲಿಚ್ಛಿಸಿದರೆ ಕೊಟ್ಟ ಹಣವನ್ನು ಬಡ್ಡಿಸಹಿತವಾಗಿ ಮರಳಿ ಪಡೆಯುವ ಹಕ್ಕನ್ನೂ ವಿಧಿಸಿದೆ. ಆದರೆ ಇದು ಹೊಸ ಯೋಜನೆಗಳನ್ನು ಕಟ್ಟಿ ಮಾರುವವರ ಮಾತಾಯಿತು. ಹಳೆಯ ಮನೆಯನ್ನು ಅದರ ಒಡೆಯನಿಂದ ಕೊಳ್ಳುವವರಿಗೆ ಈ ಪ್ರಕರಣದ ಆಸರೆಯಿಲ್ಲ; ಅವರಿಗೆ ತಮ್ಮ ಎಚ್ಚರವೇ ಗತಿ.

ಪರದೇಶದಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನು ತನ್ನ ತಂದೆತಾಯಿಗಳಿಗಾಗಿ ಮೈಸೂರಿನಲ್ಲಿ ಮನೆ ಹುಡುಕುತ್ತ, ಎರಡು ಮನೆಗಳ ಚಿತ್ರಗಳನ್ನು ನಮಗೆ ಕಳುಹಿಸಿದನು. “ಮೊದಲನೆಯದು ಅರಮನೆಯಂತಿದೆ ಮೇಷ್ಟ್ರೇ, ಎರಡನೆಯದನ್ನು ನೋಡಿ ಸ್ವಲ್ಪ ನಕ್ಕುಬಿಡಿ” ಎಂದು ಬರೆದಿದ್ದನು. ಎರಡನೆಯ ಚಿತ್ರದಲ್ಲಿ ಅಡಿಗೆಮನೆಯ ಕಟ್ಟೆಯ ಮೇಲೆ ಅರ್ಧ ಹೆಚ್ಚಿದ ಕುಂಬಳಕಾಯಿಯೂ, ಬಾಗಿಲ ಮರೆಯಿಂದ ಇಣುಕುವ ಅಜ್ಜಿಯೂ ಇದ್ದದ್ದು ನಿಜ. ನಾವು ಎರಡನ್ನೂ ಹೋಗಿ ನೋಡಿದೆವು. ಅರಮನೆಯ ಪಡಸಾಲೆಯಲ್ಲಿ ಒಂದು ಮಂಚವಿಟ್ಟರೆ ಸುತ್ತ ತಿರುಗಲು ಎಡೆಯಿರಲಿಲ್ಲ. ಮಹಡಿಯ ಮೆಟ್ಟಿಲುಗಳು ಮುದುಕರಿಗೆ ತಕ್ಕವಲ್ಲ. ಕುಂಬಳಕಾಯಿಯ ಮನೆಯಲ್ಲಿ ಗಾಳಿ ಬೆಳಕು ಯಥೇಷ್ಟ, ಬಾವಿಯಲ್ಲಿ ನೀರಿತ್ತು. ಹುಡುಗನು ಎರಡನೆಯದನ್ನೇ ಕೊಂಡನು. ಅವನ ಜೀವಮಾನದ ಉಳಿತಾಯವು ಅದರಲ್ಲಿತ್ತು.

ಆದುದರಿಂದ ಮನೆ ಮಾರುವ ಗೃಹಸ್ಥರಿಗೂ ಗೃಹಿಣಿಯರಿಗೂ ನಮ್ಮ ಸೂಚನೆಯಿಷ್ಟೆ: ಕಿಟಕಿಯ ತೆರೆಗಳನ್ನು ಸರಿಸಿ, ಒಣಗಿದ ಬಟ್ಟೆಯನ್ನು ಮಡಿಚಿಟ್ಟು, ಕ್ಯಾಮರಾವನ್ನು ಎದೆಯ ಮಟ್ಟಕ್ಕೆ ನೇರವಾಗಿ ಹಿಡಿದು, ಕನ್ನಡಿಯ ಎದುರನ್ನು ಬಿಟ್ಟು ನಿಂತು ಚಿತ್ರ ತೆಗೆಯಿರಿ, ಬಿರುಕಿದ್ದರೆ ಅದೂ ಇರಲಿ. ಕೊಳ್ಳುವವರಾದರೋ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆಯನ್ನು ಮರೆಯಬಾರದು. ಚಿತ್ರವನ್ನು ಕಂಡು ನಗಬೇಕೆನಿಸಿದರೆ ನಕ್ಕುಬಿಡಿ, ಮೆಚ್ಚಬೇಕೆನಿಸಿದರೆ ಮೆಚ್ಚಿ. ಮುಂಗಡದ ಹಣವನ್ನು ಮಾತ್ರ, ಅಳತೆಯ ಪಟ್ಟಿ ಹಿಡಿದು ಒಮ್ಮೆ ಹಗಲಿನಲ್ಲಿಯೂ, ಸಾಧ್ಯವಾದರೆ ಮಳೆ ಬಂದ ಮರುದಿನವೂ ಮನೆಯನ್ನು ಕಣ್ಣಾರೆ ಕಂಡುಬಂದ ಮೇಲೆ ಕೊಡಿರಿ.