ಆಶಾ ಕಾರ್ಯಕರ್ತೆ: ತಪ್ಪು ಕಲ್ಪನೆ ಮತ್ತು ಸತ್ಯ

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಹುಟ್ಟಿ, ಸುಮಾರು ಸಾವಿರ ಜನಕ್ಕೊಬ್ಬಳಂತೆ ನಿಯುಕ್ತಳಾದ ಆಶಾ ಕಾರ್ಯಕರ್ತೆಯನ್ನು ಅರಿಯದ ಹಳ್ಳಿ ಇಂದು ವಿರಳ. ಆದರೂ ಆಕೆಯ ಕೆಲಸವನ್ನು ಕುರಿತ ಕೆಲವು ತಪ್ಪು ಕಲ್ಪನೆಗಳು ವಿದ್ಯಾವಂತರಲ್ಲಿಯೂ ಬೇರೂರಿರುವುದರಿಂದ ಅವುಗಳ ವಿಚಾರಣೆ ಅವಶ್ಯವಾಗಿದೆ.

ಕಲ್ಪನೆ: ಅಲ್ಪ ವಿದ್ಯೆಯ ಹೆಂಗಸಿನಿಂದ ಜೀವ ಉಳಿಯುವುದುಂಟೇ?

ಸತ್ಯ: ಉಂಟು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ವೈದ್ಯ ದಂಪತಿಗಳಾದ ಅಭಯ್ ಬಂಗ್ ಮತ್ತು ರಾಣಿ ಬಂಗ್ ಅವರು ಹಳ್ಳಿಯ ಹೆಂಗಸರನ್ನೇ ತರಬೇತುಗೊಳಿಸಿ ಮನೆಮನೆಗೆ ಕಳುಹಿಸಿದಾಗ, ಮೂರನೆಯ ವರ್ಷದ ವೇಳೆಗೆ ನವಜಾತ ಶಿಶುಗಳ ಮರಣಪ್ರಮಾಣವು ಹೋಲಿಕೆಯ ಹಳ್ಳಿಗಳಿಗಿಂತ ಶೇ. 62ರಷ್ಟು ಕುಗ್ಗಿದುದನ್ನು 1999ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿಕೊಟ್ಟಿತು.

ಕಲ್ಪನೆ: ಒಮ್ಮೆ ತರಬೇತಿಯಿತ್ತರೆ ಸಾಕು, ಮುಂದಿನದು ತಾನಾಗಿ ನಡೆಯುತ್ತದೆ.

ಸತ್ಯ: ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಹಾಗೂ 42ನೆಯ ದಿನಗಳಂದು ಹೋಗಿ, ಕೂಸನ್ನು ತಕ್ಕಡಿಯಲ್ಲಿ ತೂಗಿ, ಅದು ಅಳದೆ ಸುಮ್ಮನಿರುವಾಗ ಎದೆಯ ಏರಿಳಿತವನ್ನು ಪೂರ್ಣ ಒಂದು ನಿಮಿಷ ಎಣಿಸುತ್ತಾಳೆ; ಉಸಿರು 60ಕ್ಕೆ ಮುಟ್ಟಿದರೆ ಅಥವಾ ಅದನ್ನು ಮೀರಿದರೆ ಅಪಾಯವೆಂದರಿತು ಆಸ್ಪತ್ರೆಗೆ ಕಳುಹಿಸುತ್ತಾಳೆ. ತಕ್ಕಡಿ ಕೆಟ್ಟರೆ ಬದಲಿಸುವವರು, ಔಷಧಿ ತೀರಿದರೆ ಪೂರೈಸುವವರು, ಕಳುಹಿಸಿದ ಕೂಸನ್ನು ನೋಡಿ ಚಿಕಿತ್ಸೆ ಮಾಡುವ ವೈದ್ಯರು ಇಲ್ಲದಿದ್ದರೆ, ಅಷ್ಟೆಲ್ಲ ಶ್ರದ್ಧೆಯ ಎಣಿಕೆಯೂ ನಿಷ್ಫಲವಾದೀತು. 1977ರಲ್ಲಿ ತಿಂಗಳಿಗೆ 50 ರೂಪಾಯಿ ಗೌರವಧನದೊಡನೆ ಆರಂಭವಾದ ಗ್ರಾಮಾರೋಗ್ಯ ಕಾರ್ಯಕರ್ತರ ಯೋಜನೆಯು ಇಂತಹ ಬೆಂಬಲವೂ ಮೇಲ್ವಿಚಾರಣೆಯೂ ಸಾಲದೆ ಕ್ರಮೇಣ ಸೊರಗಿಹೋಯಿತೆಂಬುದು ಮರೆಯಲಾಗದ ಪಾಠ.

ಕಲ್ಪನೆ: ವೇತನ ಕೊಟ್ಟರೆ ಸೇವಾಭಾವ ಕೆಡುತ್ತದೆ.

ಸತ್ಯ: ಇಥಿಯೋಪಿಯವು 2003ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಒಂದು ವರ್ಷದ ಶಿಕ್ಷಣ ಪಡೆದ ಯುವತಿಯರನ್ನು ಸರ್ಕಾರಿ ಸಂಬಳದ ಮೇಲೆ ನೇಮಿಸಿ, ಹಳ್ಳಿಯ ಆರೋಗ್ಯಸೇವೆಯನ್ನು ಅವರ ಮೂಲಕವೇ ವಿಸ್ತರಿಸಿತು. ನಮ್ಮಲ್ಲಾದರೋ ಆಶಾ ಕಾರ್ಯಕರ್ತೆಯನ್ನು ಸ್ವಯಂಸೇವಕಿಯೆಂದು ಕರೆದು, ಕೆಲಸಕ್ಕೆ ಇಷ್ಟೆಂದು ಪ್ರೋತ್ಸಾಹಧನ ಕೊಡುವ ಪದ್ಧತಿಯಿರುವುದರಿಂದ, ಲೆಕ್ಕಕ್ಕೆ ಸಿಗದ ರಾತ್ರಿಯ ಓಡಾಟಕ್ಕೂ ಸಾಂತ್ವನದ ಮಾತಿಗೂ ಬೆಲೆಯಿಲ್ಲದಂತಾಗಿದೆ. ನಿಶ್ಚಿತ ಗೌರವಧನಕ್ಕಾಗಿ ಕರ್ನಾಟಕದ ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕುಳಿತುದು ಸೇವೆಯ ನಿರಾಕರಣೆಯಲ್ಲ. ದುಡಿದು ಬದುಕುವ ನ್ಯಾಯವಾದ ಬೇಡಿಕೆ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ತಾಯಂದಿರನ್ನು ಗೌರವಿಸಿದಾಗ ದೇಶವೆಲ್ಲ ಹೆಮ್ಮೆಪಟ್ಟಿತು. ಆ ಹೆಮ್ಮೆ ಸಾರ್ಥಕವಾಗಬೇಕಾದರೆ ನಿಯತವಾದ ವೇತನ, ನಿರಂತರವಾದ ಶಿಕ್ಷಣ, ಬೆನ್ನಿಗೆ ನಿಲ್ಲುವ ಆಸ್ಪತ್ರೆ, ಈ ಮೂರಕ್ಕೂ ಪ್ರತಿವರ್ಷದ ಆಯವ್ಯಯದಲ್ಲಿ ಸ್ಥಾನ ದೊರೆಯಲೇಬೇಕು.