ಮಾವು ಕಾಯಿಯೋ, ಹಣ್ಣೋ? ಮಾಲ್ಗುಡಿಯ ಸ್ವಾಮಿ ಕೇಳಿದ ಪ್ರಶ್ನೆ

ರಾಮನ ಹತ್ತಿರ ಹತ್ತು ಮಾವು ಇವೆ. ಅವನ್ನು ಮಾರಿ ಅವನು ಹದಿನೈದು ಆಣೆ ಗಳಿಸಬೇಕು. ಕೃಷ್ಣನಿಗೆ ಬೇಕಾದದ್ದು ನಾಲ್ಕೇ ಮಾವು. ಹಾಗಾದರೆ ಕೃಷ್ಣ ಎಷ್ಟು ಕೊಡಬೇಕು?

ಲೆಕ್ಕ ಸುಲಭದ್ದೇ. ಹತ್ತಕ್ಕೆ ಹದಿನೈದಾದರೆ ಒಂದಕ್ಕೆ ಒಂದೂವರೆ, ನಾಲ್ಕಕ್ಕೆ ಆರು ಆಣೆ. ಐದನೆಯ ತರಗತಿಯ ಜಾಣ ಹುಡುಗ ಬಾಯಿಲೆಕ್ಕದಲ್ಲೇ ಮುಗಿಸಿಬಿಡುತ್ತಾನೆ. ಆದರೆ ಮಾಲ್ಗುಡಿ ಎಂಬ ಊರಿನ ಸ್ವಾಮಿನಾಥನಿಗೆ ಮಾತ್ರ ಇದು ಬೆಟ್ಟವಾಯಿತು. ಅವನಿಗೆ ಮೊದಲು ಗೊತ್ತಾಗಬೇಕಿದ್ದುದು ಒಂದೇ ಸಂಗತಿ: ಆ ಮಾವು ಹಣ್ಣಾಗಿದ್ದವೋ ಇಲ್ಲವೋ? ಹಾಗೆಂದು ತಂದೆಯನ್ನು ಕೇಳಿಯೂ ಬಿಟ್ಟ. ತಂದೆ ಕಿವಿ ಹಿಂಡಿದರು. ಕೊನೆಗೆ ಉತ್ತರವೂ ಬಂತು, ಜೊತೆಗೆ ಕಣ್ಣೀರೂ ಬಂತು.

ಆರ್.ಕೆ. ನಾರಾಯಣ್ ಅವರ ಮೊದಲ ಕಾದಂಬರಿ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ನ ಪ್ರಸಂಗವಿದು. ಪುಸ್ತಕ ಇಂಗ್ಲೆಂಡಿನಲ್ಲಿ ಪ್ರಕಟವಾದದ್ದು 1935ರಲ್ಲಿ. ಅರ್ಧ ಶತಮಾನದ ನಂತರ ಅದೇ ಸ್ವಾಮಿ ದೂರದರ್ಶನದ ಪರದೆಯ ಮೇಲೆ ಬಂದ. ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ನಾರಾಯಣ್ ಅವರ ಸಣ್ಣಕತೆಗಳ ಜೊತೆಗೆ ಈ ಕಾದಂಬರಿಯೂ ಕೆಲವು ಕಂತುಗಳಾಗಿ ಸೇರಿಕೊಂಡಿತು. ಆಗ ದೂರದರ್ಶನ ಬಿಟ್ಟರೆ ಬೇರೆ ವಾಹಿನಿ ಇರಲಿಲ್ಲ. ಹಳ್ಳಿಯಲ್ಲಿ ಟಿವಿ ಇದ್ದ ಮನೆ ಒಂದೋ ಎರಡೋ. ಚಾಪೆ ಹಾಸಿ ಓಣಿಯ ಮಕ್ಕಳೆಲ್ಲ ಒಟ್ಟಿಗೆ ಕೂತು ನೋಡಿದ ಧಾರಾವಾಹಿ ಅದು. ಆ ಮಕ್ಕಳು ಇಂದು ತಾವೇ ಪಾಲಕರಾಗಿದ್ದಾರೆ. ಹೀಗಾಗಿ ಸ್ವಾಮಿಯ ಕತೆಯನ್ನು ಈಗ ಮತ್ತೊಮ್ಮೆ, ತಂದೆಯ ಕಡೆಯಿಂದಲೂ ನೋಡುವ ಕಾಲ ಬಂದಿದೆ.

<b>ಕನ್ನಡ ನೆಲದಲ್ಲಿ ಎದ್ದ ಊರು</b>

ಮಾಲ್ಗುಡಿ ಯಾವ ನಕಾಶೆಯಲ್ಲೂ ಇಲ್ಲ. 1930ರ ವಿಜಯದಶಮಿಯ ದಿನ ಬೆಂಗಳೂರಿನಲ್ಲಿ ಬರೆಯಲು ಕುಳಿತಾಗ ಒಂದು ರೈಲು ನಿಲ್ದಾಣದೊಂದಿಗೆ ಆ ಊರು ಮನಸ್ಸಿಗೆ ಬಂತೆಂದು ನಾರಾಯಣ್ ಹೇಳಿಕೊಂಡಿದ್ದಾರೆ. ಇಲ್ಲದ ಊರನ್ನು ಪರದೆಯ ಮೇಲೆ ತೋರಿಸುವುದು ಹೇಗೆ? ಶಂಕರ್‌ನಾಗ್ ಆರಿಸಿಕೊಂಡದ್ದು ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನು. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರದು. ನವಲಗುಂದದ ಎರೆ ಹೊಲಗಳಲ್ಲಿ ನಿಂತು ಮೋಡ ಎಣಿಸುವವರಿಗೆ ಈ ಅಂಕಿ ನಂಬಲಾಗದ್ದು. ಹಂಚಿನ ಮನೆಗಳ ಆ ಪುಟ್ಟ ಪೇಟೆ 1930ರ ಮಾಲ್ಗುಡಿಯಾಯಿತು. ಕಲಾ ನಿರ್ದೇಶಕ ಜಾನ್ ದೇವರಾಜ್ ಅಲ್ಲಿ ಕುದುರೆಯ ಮೇಲೆ ಕುಳಿತ ಬ್ರಿಟಿಷ್ ಅಧಿಕಾರಿಯ ಪ್ರತಿಮೆ ನಿಲ್ಲಿಸಿದರು. ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದರು. ಎಲ್. ವೈದ್ಯನಾಥನ್ ಸಂಗೀತ ಕೊಟ್ಟರು. ಧಾರಾವಾಹಿ ಹಿಂದಿಯಲ್ಲಿದ್ದರೂ ಅದರ ಮುಖಗಳು ಹೆಚ್ಚಾಗಿ ಕನ್ನಡದವೇ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ತಂದೆಯಾಗಿ ಗಿರೀಶ ಕಾರ್ನಾಡ.

ಧಾರವಾಡದ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮಗನಿಗೆ ಲೆಕ್ಕ ಹೇಳಿಕೊಡುವ ಆ ತಂದೆಯ ಪಾತ್ರ ವಹಿಸಿದ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಿಂದ 1958ರಲ್ಲಿ ಪದವಿ ಪಡೆದವರು. ಯಾವ ವಿಷಯದಲ್ಲಿ? ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ! ಅದೇ ಗಣಿತದ ವಿದ್ಯಾರ್ಥಿ ಮುಂದೆ ‘ತುಘಲಕ್’ ಬರೆದ ನಾಟಕಕಾರನೂ ಆದ. ಲೆಕ್ಕ ಬಲ್ಲವನಿಗೆ ಕಲ್ಪನೆ ಇರಬಾರದೆಂದು ಯಾರು ಹೇಳಿದರು?

<b>ಸ್ವಾಮಿ ಕೇಳಿದ್ದು ತಪ್ಪೇ?</b>

ಈಗ ಮತ್ತೆ ಮಾವಿನ ವಿಷಯಕ್ಕೆ ಬರೋಣ. ಇಂಗ್ಲಿಷಿನಲ್ಲಿ ಕಾಯಿಗೂ ಹಣ್ಣಿಗೂ ಒಂದೇ ಶಬ್ದ. ಕನ್ನಡದಲ್ಲಿ ಹಾಗಲ್ಲ. ಸಂತೆಯಲ್ಲಿ ಬಾಯಿ ತೆರೆಯುವ ಮೊದಲೇ ನಮಗೆ ಬೇಕಾದದ್ದು ಮಾವಿನಕಾಯಿಯೋ ಮಾವಿನಹಣ್ಣೋ ಎಂಬುದು ತೀರ್ಮಾನವಾಗಿರುತ್ತದೆ. ಸ್ವಾಮಿ ಕೇಳಿದ ಪ್ರಶ್ನೆ ನಮ್ಮ ಭಾಷೆಯಲ್ಲೇ ಅಡಗಿದೆ. ಧಾರವಾಡದ ಆಪೂಸು ಹೆಸರಾದದ್ದು. ಕಲಘಟಗಿ ಕಡೆಯ ತೋಟದ ಮನೆಯ ಮಗುವನ್ನು ಈ ಲೆಕ್ಕ ಕೇಳಿ ನೋಡಿ. ಕಾಯಿ ದೊಡ್ಡದೋ ಸಣ್ಣದೋ, ಮರದಿಂದ ಇಳಿಸಿದ್ದೋ ಗಾಳಿಗೆ ಉದುರಿದ್ದೋ, ಹುಲ್ಲಿನಲ್ಲಿ ಮುಚ್ಚಿಟ್ಟು ಎಷ್ಟು ದಿನವಾಯಿತು ಎಂದು ಅದು ಮರುಪ್ರಶ್ನೆ ಹಾಕಿದರೆ ಆಶ್ಚರ್ಯವಿಲ್ಲ. ಏಕೆಂದರೆ ನಿಜವಾದ ಬೆಲೆ ನಿಂತಿರುವುದು ಅದರ ಮೇಲೆಯೇ.

ವಿಜ್ಞಾನದ ದೃಷ್ಟಿಯಿಂದ ಸ್ವಾಮಿಯ ಪ್ರಶ್ನೆ ಬಹಳ ಯೋಗ್ಯವಾದದ್ದು. ಪುಸ್ತಕದ ಲೆಕ್ಕ ಒಂದು ಮಾತನ್ನು ಹೇಳದೆ ಬಿಟ್ಟಿದೆ: ಹತ್ತೂ ಮಾವು ಒಂದೇ ತರಹದವು, ಒಂದೇ ಬೆಲೆಯವು. ಹೀಗೆ ಹೇಳದೆ ಬಿಟ್ಟ ಷರತ್ತನ್ನು ಹುಡುಕಿ ತೆಗೆಯುವುದೇ ವಿಜ್ಞಾನಿಯ ಮೊದಲ ಕೆಲಸ. ಅಲ್ಲಿಂದ ಮುಂದೆ ದಾರಿ ತಾನೇ ತೆರೆಯುತ್ತದೆ. ಕಾಯಿ ಹಣ್ಣಾಗುವುದು ಏಕೆ? ಅದರೊಳಗೇ ಹುಟ್ಟುವ ಎಥಿಲೀನ್ ಅನಿಲದಿಂದ. ಹುಲ್ಲಿನಲ್ಲಿ ಮುಚ್ಚಿಟ್ಟರೆ ಬೇಗ ಹಣ್ಣಾಗುವುದು ಏಕೆ? ಆ ಅನಿಲವೂ ಕಾವೂ ಅಲ್ಲೇ ಉಳಿಯುವುದರಿಂದ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದ್ದು ಏಕೆ? ಅದರಲ್ಲಿ ಬೆರೆತಿರುವ ವಿಷಪದಾರ್ಥಗಳಿಂದ. ಒಂದು ಪ್ರಶ್ನೆಯಿಂದ ರಸಾಯನಶಾಸ್ತ್ರದ ಒಂದು ಪಾಠವೇ ಹೊರಟಿತು!

ಹಾಗೆಂದು ಆರು ಆಣೆ ಎಂಬ ಉತ್ತರ ಬೇಡವೆಂದಲ್ಲ. ಅದೂ ಬೇಕು. ಎಲ್ಲ ಮಾವೂ ಒಂದೇ ಎಂದು ಇಟ್ಟುಕೊಂಡರೆ ಮಾತ್ರ ಲೆಕ್ಕ ನಡೆಯುತ್ತದೆ ಎಂದು ಒಂದು ಮಾತು ತಿಳಿಸಿದ್ದರೆ ಸ್ವಾಮಿಗೆ ಉತ್ತರವೂ ಸಿಗುತ್ತಿತ್ತು, ಕಿವಿಯೂ ಉಳಿಯುತ್ತಿತ್ತು. ಆ ತಂದೆ ಕೆಟ್ಟವರಲ್ಲ. ಮಗ ಹಿಂದೆ ಬೀಳಬಾರದೆಂಬ ಕಾಳಜಿ ಅವರದು. ನಮ್ಮೆಲ್ಲರ ಮನೆಗಳಲ್ಲೂ ಇರುವ ಕಾಳಜಿಯೇ ಅದು. ಕಾದಂಬರಿಯ ಸತ್ವವೂ ಧಾರಾವಾಹಿಯ ಸೊಗಸೂ ಇರುವುದು ಇಲ್ಲಿಯೇ. ಯಾರನ್ನೂ ಖಳನಾಯಕ ಮಾಡದೆ ಮಗುವಿನ ಅಂಜಿಕೆಯನ್ನು ಅದು ತೋರಿಸುತ್ತದೆ.

<b>ಲೇಖಕನೂ ನಪಾಸಾಗಿದ್ದ</b>

ಈ ಅಂಜಿಕೆ ಸಣ್ಣದಲ್ಲ. ಕತೆಯಲ್ಲಿ ಸ್ವಾಮಿ ಶಾಲೆ ಬಿಟ್ಟು ಓಡಿಹೋಗಿ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಹುಡುಕಿ ತಂದವರ ಪುಣ್ಯದಿಂದ ಬದುಕುತ್ತಾನೆ. ಓದುವಾಗ ನಗಿಸುವ ಪುಸ್ತಕ ಇಲ್ಲಿ ಎದೆ ನಡುಗಿಸುತ್ತದೆ. ಫಲಿತಾಂಶದ ದಿನ ಮನೆಗೆ ಬರಲು ಹೆದರುವ ಮಕ್ಕಳು ಇಂದಿಗೂ ಇದ್ದಾರೆಂಬುದನ್ನು ಯಾವ ಊರಿನ ಪಾಲಕರೂ ಮರೆಯುವಂತಿಲ್ಲ.

ನಾರಾಯಣ್ ಇದನ್ನು ಬರೆದದ್ದು ಊಹೆಯಿಂದಲ್ಲ. ಅವರ ತಂದೆ ಮೈಸೂರಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಮಗ ಮಾತ್ರ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ ಒಂದು ವರ್ಷ ಮನೆಯಲ್ಲಿ ಕುಳಿತ. ಆ ವರ್ಷ ವ್ಯರ್ಥವಾಗಲಿಲ್ಲ, ಓದಿದ್ದೇ ಓದಿದ್ದು, ಬರೆದದ್ದೇ ಬರೆದದ್ದು! ನಂತರ ಮಹಾರಾಜ ಕಾಲೇಜಿನಲ್ಲಿ ಪದವಿ ಮುಗಿಸಿದ. ನಪಾಸಾದವರೆಲ್ಲ ಲೇಖಕರಾಗುತ್ತಾರೆಂದು ಇದರ ಅರ್ಥವಲ್ಲ. ಒಂದು ಪರೀಕ್ಷೆ ಒಬ್ಬ ಹುಡುಗನ ಪೂರ್ತಿ ಅಳತೆಯಲ್ಲ ಎಂಬುದಷ್ಟೇ ಅರ್ಥ.

<b>ರಾಜ್ಯಸಭೆಗೆ ಬಂದ ಪಾಟಿಚೀಲ</b>

1986ರಲ್ಲಿ ನಾರಾಯಣ್ ರಾಜ್ಯಸಭೆಗೆ ನಾಮಕರಣಗೊಂಡರು. 1989ರಲ್ಲಿ ಅವರು ಅಲ್ಲಿ ಮಾತಾಡಿದ್ದು ರಾಜಕೀಯವನ್ನಲ್ಲ, ಮಕ್ಕಳ ಬೆನ್ನ ಮೇಲಿನ ಪುಸ್ತಕದ ಚೀಲದ ಭಾರವನ್ನು. ಆ ಭಾಷಣ ದೇಶದಲ್ಲಿ ಚರ್ಚೆ ಎಬ್ಬಿಸಿತು. 1992ರಲ್ಲಿ ಕೇಂದ್ರ ಸರಕಾರ ಈ ವಿಷಯಕ್ಕೆ ಒಂದು ಸಮಿತಿ ನೇಮಿಸಿತು. ಅಧ್ಯಕ್ಷರು ಭೌತವಿಜ್ಞಾನಿ ಯಶಪಾಲ್.

ಯಶಪಾಲರಿಗೂ ಉತ್ತರ ಕರ್ನಾಟಕಕ್ಕೂ ಹಳೆಯ ನಂಟಿದೆ. 1975-76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ತಲುಪಿಸಿದ ಪ್ರಯೋಗ ನಡೆದಾಗ ಅವರು ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ನಿರ್ದೇಶಕರು. ಆ ಹಳ್ಳಿಗಳಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳವೂ ಇದ್ದವು. ಹಳ್ಳಿಗೆ ಟಿವಿ ತಂದ ವಿಜ್ಞಾನಿಯೇ ಮುಂದೆ ಮಕ್ಕಳ ಚೀಲವನ್ನು ತೂಗಲು ಕುಳಿತದ್ದು ವಿಶೇಷವೇ ಸರಿ.

1993ರಲ್ಲಿ ಸಮಿತಿ ಕೊಟ್ಟ ವರದಿಯ ತಿರುಳು ಪ್ರತಿಯೊಬ್ಬ ಪಾಲಕರೂ ತಿಳಿಯಬೇಕಾದದ್ದು. ಬೆನ್ನ ಮೇಲಿನ ಭಾರ ಕೆಟ್ಟದ್ದು ನಿಜ, ಆದರೆ ಅದಕ್ಕಿಂತ ಕೆಟ್ಟದ್ದು ತಿಳಿಯದೇ ಕಲಿಯುವ ಭಾರ. ಮೊದಲನೆಯದನ್ನು ತಕ್ಕಡಿ ತೂಗುತ್ತದೆ, ಎರಡನೆಯದನ್ನು ತೂಗುವ ತಕ್ಕಡಿ ಇಲ್ಲ.

ಮೊದಲನೆಯ ಭಾರಕ್ಕೆ ಈಗ ನಿಯಮಗಳಿವೆ. ಕರ್ನಾಟಕದ ಶಿಕ್ಷಣ ಇಲಾಖೆ 2019ರಲ್ಲಿ ಹೊರಡಿಸಿ 2023ರಲ್ಲಿ ಮತ್ತೆ ನೆನಪಿಸಿದ ಸುತ್ತೋಲೆಯಂತೆ 1-2ನೇ ತರಗತಿಯ ಚೀಲ 1.5ರಿಂದ 2 ಕಿಲೋ, 3ರಿಂದ 5ನೇ ತರಗತಿಯದು 2ರಿಂದ 3, 6ರಿಂದ 8ನೇ ತರಗತಿಯದು 3ರಿಂದ 4, 9-10ನೇ ತರಗತಿಯದು 4ರಿಂದ 5 ಕಿಲೋ ಇರಬೇಕು. ಮಳೆಗಾಲದಲ್ಲಿ ಅಣ್ಣಿಗೇರಿ, ಕುಂದಗೋಳ ಸುತ್ತಿನ ಎರೆ ಮಣ್ಣಿನ ದಾರಿಯಲ್ಲಿ ನಡೆದು, ತುಂಬಿದ ಬಸ್ಸಿನಲ್ಲಿ ನಿಂತು ಬರುವ ಮಗುವಿಗೆ ಒಂದೊಂದು ಕಿಲೋ ಕೂಡ ದೊಡ್ಡದು. ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ಚೀಲ ಇಟ್ಟು ನೋಡುವುದಕ್ಕೆ ಖರ್ಚೇನೂ ಇಲ್ಲ.

ಎರಡನೆಯ ಭಾರ ಇಳಿಸುವ ಕೆಲಸ ಮಾತ್ರ ಸುತ್ತೋಲೆಯಿಂದ ಆಗುವುದಿಲ್ಲ. ಅದು ಆಗಬೇಕಾದದ್ದು ಮನೆಯ ಪಡಸಾಲೆಯಲ್ಲಿ, ಶಾಲೆಯ ಕೋಣೆಯಲ್ಲಿ.

<b>ಮನೆಯವರೆಲ್ಲ ಕೂಡಿ ನೋಡಿ</b>

ಬೇಸಿಗೆಯ ರಜೆಯಲ್ಲಿ ಪಾಲಕರು ಮಾಡಬಹುದಾದ ಒಂದು ಕೆಲಸವಿದೆ. ಸ್ವಾಮಿಯ ಕಂತುಗಳನ್ನು ಮಕ್ಕಳ ಜೊತೆ ಕೂತು ನೋಡಿ. ಆಣೆ ಎಂದರೇನೆಂದು ಮಗು ಕೇಳುತ್ತದೆ. ರೂಪಾಯಿಗೆ ಹದಿನಾರು ಆಣೆಯಿತ್ತು, 1957ರ ಏಪ್ರಿಲ್ 1ರಿಂದ ನೂರು ಪೈಸೆಯ ಪದ್ಧತಿ ಬಂತು, ಹದಿನಾರಾಣೆ ಸತ್ಯ ಎಂಬ ಮಾತು ಹುಟ್ಟಿದ್ದು ಅಲ್ಲಿಂದಲೇ ಎಂದು ಹೇಳಿ. ಹುಡುಗರು ವಿದೇಶಿ ಬಟ್ಟೆ ಸುಡುವುದೇಕೆಂದು ಕೇಳುತ್ತದೆ. ಇತಿಹಾಸದ ಒಂದು ಪಾಠ ಅಲ್ಲಿಯೇ ಆದೀತು. ಶಿವಮೊಗ್ಗದ ಕಡೆ ಹೋದರೆ ಹೊಸನಗರ ತಾಲ್ಲೂಕಿನ ಅರಸಾಳು ನಿಲ್ದಾಣವನ್ನೂ ನೋಡಿ ಬನ್ನಿ. ಧಾರಾವಾಹಿಯ ಚಿತ್ರೀಕರಣ ನಡೆದ ಆ ಹಳೆಯ ಕಟ್ಟಡವನ್ನು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ಮಾಡಿತು.

ಶಂಕರ್‌ನಾಗ್ 1990ರಲ್ಲಿ, ಇನ್ನೂ 35ರ ಹರೆಯದಲ್ಲಿ, ದಾವಣಗೆರೆ ಸಮೀಪದ ಅಪಘಾತದಲ್ಲಿ ತೀರಿಕೊಂಡರು. ನಾರಾಯಣ್ 2001ರಲ್ಲಿ, ಕಾರ್ನಾಡರು 2019ರಲ್ಲಿ ಹೋದರು. ಸ್ವಾಮಿ ಮಾತ್ರ ಇನ್ನೂ ಅದೇ ವಯಸ್ಸಿನಲ್ಲಿದ್ದಾನೆ, ಅದೇ ಲೆಕ್ಕದ ಮುಂದೆ ಕೂತಿದ್ದಾನೆ. ನಾಳೆ ನಿಮ್ಮ ಮಗುವೂ ಮಾವು ಕಾಯಿಯೋ ಹಣ್ಣೋ ಎಂದು ಕೇಳೀತು. ಆಗ ಕಿವಿಗೆ ಕೈ ಹಾಕುವ ಮೊದಲು ಕಿವಿಗೊಡಿ. ಆರು ಆಣೆಯ ಉತ್ತರಕ್ಕೆ ಎರಡು ನಿಮಿಷ ತಡವಾದರೆ ಯಾರ ಗಂಟೂ ಹೋಗುವುದಿಲ್ಲ.