ಗಲ್ಫ್‌ಗೆ ಹೊರಟವರ ಪೆಟ್ಟಿಗೆಯಲ್ಲಿ ಏನಿದೆ?

ಮಕ್ಕಳ ಪರೀಕ್ಷೆ ಮುಗಿದು ಬೇಸಿಗೆ ರಜೆ ಆರಂಭವಾಯಿತೆಂದರೆ ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಗಲ್ಫ್ ಪ್ರಯಾಣದ ಸಡಗರವೂ ಆರಂಭವಾಗುತ್ತದೆ. ಹಿಂದೆ ದುಡಿಯಲು ಹೋಗುವವರೇ ಹೆಚ್ಚಾಗಿದ್ದರು. ಇಂದು ಮಗಳ ಬಾಣಂತನಕ್ಕೆಂದು ತಾಯಿ, ಮೊಮ್ಮಗುವಿನ ಜ್ಞಾನಸ್ನಾನಕ್ಕೆಂದು ಅಜ್ಜ ಅಜ್ಜಿ, ದುಬಾಯಿ ನೋಡಿಬರಲೆಂದು ನವದಂಪತಿಗಳು ವಿಸಿಟ್ ವೀಸಾದ ಮೇಲೆ ಹೋಗಿಬರುತ್ತಾರೆ. ಬಜಪೆಯಿಂದ ದುಬಾಯಿಗೆ ನಾಲ್ಕು ಗಂಟೆಗಳ ಹಾರಾಟವೂ ಇಲ್ಲ. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಲು ಅದಕ್ಕಿಂತ ಹೆಚ್ಚು ಸಮಯ ಬೇಕು. ಈ ಸಾಮೀಪ್ಯವೇ ನಮ್ಮನ್ನು ಮೈಮರೆಸುತ್ತದೆ. ನೆಂಟರ ಮನೆಗೆ ಹೊರಡುವಂತೆ ಹೊರಡುತ್ತೇವೆ. ಹೋಗುತ್ತಿರುವುದು ಬೇರೊಂದು ರಾಷ್ಟ್ರಕ್ಕೆ, ಬೇರೊಂದು ಕಾನೂನಿನ ಆಳ್ವಿಕೆಗೆ ಎಂಬುದು ಮರೆತುಹೋಗುತ್ತದೆ.

ಕಷ್ಟ ಬಂದಮೇಲೆ ಕೇಳಿಬರುವ ಮಾತು ಒಂದೇ: "ನಮಗೆ ಗೊತ್ತಿರಲಿಲ್ಲ." ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಈ ಮಾತನ್ನು ಬಹಳ ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಎಷ್ಟು ಪ್ರಯತ್ನಿಸಿದರೂ ನೀಗಿಸಲಾಗದ ಅಜ್ಞಾನ ಒಂದು ಬಗೆ. ತಿಳಿಯಬಹುದಾಗಿದ್ದೂ, ತಿಳಿಯಬೇಕಾಗಿದ್ದೂ ಅಲಕ್ಷ್ಯದಿಂದ ಉಳಿಸಿಕೊಂಡ ಅಜ್ಞಾನ ಇನ್ನೊಂದು ಬಗೆ. ಮೊದಲನೆಯದು ಮನುಷ್ಯನನ್ನು ದೋಷದಿಂದ ಪಾರುಮಾಡುತ್ತದೆ. ಎರಡನೆಯದು ತಾನೇ ಒಂದು ದೋಷ. ಸೆಮಿನರಿಯ ತರಗತಿಯಲ್ಲಿ ಕಲಿತ ಈ ವಿಂಗಡಣೆ ಪೆಟ್ಟಿಗೆ ಕಟ್ಟುವ ಹೊತ್ತಿನಲ್ಲಿಯೂ ಉಪಯೋಗಕ್ಕೆ ಬರುತ್ತದೆ ಎಂದು ನಾವು ಭಾವಿಸುತ್ತೇವೆ. ದೇವರ ನ್ಯಾಯಸ್ಥಾನದಲ್ಲಿ ಹೃದಯದ ಉದ್ದೇಶವನ್ನು ನೋಡಲಾಗುತ್ತದೆ. ಕಸ್ಟಮ್ಸ್ ಅಧಿಕಾರಿಯ ಮೇಜಿನ ಮೇಲೆ ಮೊದಲು ತೆರೆಯುವುದು ಹೃದಯವಲ್ಲ, ಪೆಟ್ಟಿಗೆ.

ಗಸಗಸೆಯನ್ನೇ ತೆಗೆದುಕೊಳ್ಳೋಣ. ನಮ್ಮ ಅಡುಗೆಮನೆಯಲ್ಲಿ ಅದು ಪಾಯಸಕ್ಕೆ, ಮಸಾಲೆಗೆ ಬಳಸುವ ನಿರುಪದ್ರವಿ ಕಾಳು. ಆದರೆ ಅದು ಅಫೀಮಿನ ಗಿಡದ ಬೀಜ. ಯು.ಎ.ಇ., ಸೌದಿ ಅರೇಬಿಯಾ ಮುಂತಾದ ದೇಶಗಳು ಅದನ್ನು ನಿಷೇಧಿಸಿವೆ. ಅಲ್ಲಿ ಅದು ಅಡುಗೆಯ ಸಾಮಗ್ರಿಯಲ್ಲ, ಮಾದಕ ವಸ್ತುವಿನ ಪ್ರಕರಣ. ಮಗಳ ಬಾಯಿರುಚಿಗೆಂದು ತಾಯಿ ಹುರಿದು ಪುಡಿಮಾಡಿದ ಮಸಾಲೆಯಲ್ಲಿ ಗಸಗಸೆ ಸೇರಿದ್ದರೆ ಆ ಪುಡಿ ಮನೆಯಲ್ಲಿಯೇ ಉಳಿಯಲಿ. ಸ್ವಲ್ಪವೇ ಇದೆಯಲ್ಲ ಎಂಬ ಸಮಾಧಾನ ಬೇಡ.

ಔಷಧಗಳ ವಿಷಯ ಇನ್ನೂ ಗಂಭೀರ, ಏಕೆಂದರೆ ವಿಸಿಟ್ ವೀಸಾದ ಮೇಲೆ ಹೋಗುವವರಲ್ಲಿ ವಯಸ್ಸಾದವರು ಬಹಳ. ಮಂಡಿನೋವಿಗೆ ಟ್ರಮಡಾಲ್, ಕೆಮ್ಮಿಗೆ ಕೊಡೀನ್ ಸೇರಿದ ಸಿರಪ್, ನಿದ್ರೆಗೆಂದು ಆಲ್ಪ್ರಜೋಲಂ ಅಥವಾ ಡಯಜಿಪಾಂ: ಇವು ಅಲ್ಲಿ ಕಟ್ಟುನಿಟ್ಟಿನ ನಿಯಂತ್ರಣಕ್ಕೆ ಒಳಪಟ್ಟಿವೆ. ಯು.ಎ.ಇ.ಗೆ ಇಂಥ ಔಷಧ ಒಯ್ಯುವವರು ಪ್ರಯಾಣಕ್ಕೆ ಮುನ್ನವೇ ಅಲ್ಲಿನ ಸರಕಾರದ ಅನುಮತಿಯನ್ನು ಆನ್‌ಲೈನ್ ಮೂಲಕ ಪಡೆಯಬೇಕು. ಜೊತೆಗೆ ವೈದ್ಯರು ಸಹಿಮಾಡಿದ ಚೀಟಿ ಇರಬೇಕು, ಅದರಲ್ಲಿರುವ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದಬೇಕು, ಮಾತ್ರೆಗಳು ಮೂಲ ಪಟ್ಟಿಯಲ್ಲಿಯೇ ಇರಬೇಕು. ಔಷಧದ ಅಂಗಡಿಯವರು ಪರಿಚಯದ ಸಲಿಗೆಯಿಂದ ಚೀಟಿಯಿಲ್ಲದೆ ಕೊಡುವ ನಮ್ಮೂರಿನ ಪದ್ಧತಿ (ಅದು ಇಲ್ಲಿಯೂ ಸರಿಯಲ್ಲ) ಅಲ್ಲಿ ವಿವರಣೆಯಾಗಲಾರದು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಸಾಮಾನ್ಯ ಮಾತ್ರೆಗಳಿಗೂ ಚೀಟಿ ಇಟ್ಟುಕೊಳ್ಳುವುದು ಜಾಣತನ.

ಹಂದಿಮಾಂಸದ ಉಪ್ಪಿನಕಾಯಿ, ಕ್ರಿಸ್ಮಸ್ಸಿಗೆ ಮಾಡಿದ ದ್ರಾಕ್ಷಾರಸ ಇವನ್ನೂ ಹೇಳದೆ ವಿಧಿಯಿಲ್ಲ. ಸೌದಿ, ಕುವೈತ್, ಕತಾರ್ ದೇಶಗಳಿಗೆ ಇವೆರಡನ್ನೂ ಪ್ರಯಾಣಿಕರು ಒಯ್ಯುವಂತಿಲ್ಲ. ದುಬಾಯಿಯ ಕೆಲವು ದೊಡ್ಡ ಅಂಗಡಿಗಳಲ್ಲಿ ಹಂದಿಮಾಂಸಕ್ಕೆ ಪ್ರತ್ಯೇಕ ವಿಭಾಗವೇ ಇದೆಯಲ್ಲ ಎಂದು ಹೇಳುವವರಿದ್ದಾರೆ. ಇದೆ. ಆದರೆ ಪಕ್ಕದ ಶಾರ್ಜಾದಲ್ಲಿ ಮದ್ಯಕ್ಕೆ ಪೂರ್ಣ ನಿಷೇಧವಿದೆ. ಒಂದು ಊರಿನ ರೂಢಿಯನ್ನು ಇನ್ನೊಂದು ಊರಿನ ಕಾನೂನೆಂದು ತಿಳಿಯಬಾರದು.

ಇವೆಲ್ಲ ನಾವೇ ಕಟ್ಟಿದ ಪೆಟ್ಟಿಗೆಯ ಮಾತಾಯಿತು. ಇನ್ನೊಬ್ಬರು ಕಟ್ಟಿಕೊಟ್ಟ ಪೊಟ್ಟಣದ ಮಾತು ಬೇರೆ. 2019ರ ಜುಲೈ ತಿಂಗಳಲ್ಲಿ ಮುಂಬಯಿಯ ಯುವ ದಂಪತಿ ಕತಾರಿನ ದೋಹಾ ವಿಮಾನ ನಿಲ್ದಾಣದಲ್ಲಿ ಇಳಿದರು. ಪ್ರವಾಸದ ವೆಚ್ಚವನ್ನು ಉಡುಗೊರೆಯಾಗಿ ಕೊಟ್ಟವರು ಹತ್ತಿರದ ಬಂಧುವೇ. ಅಲ್ಲಿ ಒಬ್ಬರಿಗೆ ತಲುಪಿಸಿ ಎಂದು ಪೊಟ್ಟಣ ಕೊಟ್ಟವರೂ ಅವರೇ. ಒಳಗಿದ್ದುದು ಸುಮಾರು ನಾಲ್ಕು ಕಿಲೋ ಚರಸ್. ಹೆಂಡತಿ ಆಗ ಗರ್ಭಿಣಿ. ನ್ಯಾಯಾಲಯ ಇಬ್ಬರಿಗೂ 10 ವರ್ಷಗಳ ಸೆರೆವಾಸ ವಿಧಿಸಿತು. 2020ರಲ್ಲಿ ಮಗು ಸೆರೆಮನೆಯಲ್ಲಿಯೇ ಹುಟ್ಟಿತು. ಅವರು ಮೋಸಹೋದವರೆಂಬುದನ್ನು ಭಾರತದ ಮಾದಕ ವಸ್ತು ನಿಯಂತ್ರಣ ಸಂಸ್ಥೆ ತನಿಖೆಯಿಂದ ಹೊರಗೆಡವಿ, ಪ್ರಕರಣದ ಮರುವಿಚಾರಣೆ ನಡೆದು, 2021ರಲ್ಲಿ ನಿರ್ದೋಷಿಗಳೆಂದು ಬಿಡುಗಡೆಯಾಗಿ ಅವರು ಊರಿಗೆ ಮರಳಿದರು. ನಿರಪರಾಧಿಗಳಾಗಿದ್ದರೂ ಆ ಕುಟುಂಬ ಕಳೆದುಕೊಂಡ ಕಾಲವನ್ನು ಹಿಂದಿರುಗಿಸುವವರು ಯಾರು?

ಈ ಸಂದರ್ಭದಲ್ಲಿ ನಮಗೆ ನೆನಪಾಗುವುದು ತೋಬಿತನ ಗ್ರಂಥ. ಮಗನನ್ನು ದೂರದ ಮೇದ್ಯ ದೇಶಕ್ಕೆ ಕಳುಹಿಸುವ ಮುನ್ನ ಕುರುಡನಾಗಿದ್ದ ತೋಬಿತನು ಜೊತೆಗಾರನ ಕುಲ ಗೋತ್ರಗಳನ್ನು ವಿಚಾರಿಸುತ್ತಾನೆ. ಆ ಜೊತೆಗಾರ ರಫಾಯೇಲ ದೇವದೂತನೇ ಆಗಿದ್ದರೂ ತಂದೆ ವಿಚಾರಣೆಯನ್ನು ಬಿಡಲಿಲ್ಲ! ಅಲ್ಲಿ ಇಟ್ಟಿದ್ದ ಹಣಕ್ಕೆ ಕೈಬರಹದ ಪತ್ರವಿತ್ತು. ಹಣದ ಚೀಲಗಳನ್ನು ಒಪ್ಪಿಸುವಾಗ ಮುದ್ರೆಗಳು ಒಡೆಯದೆ ಇದ್ದುದನ್ನು ತೋರಿಸಿ ಎಣಿಸಿಕೊಡಲಾಯಿತು. ಭಕ್ತಿಗೂ ವಿಚಾರಣೆಗೂ ಅಲ್ಲಿ ವಿರೋಧ ಕಾಣುವುದಿಲ್ಲ. ನಮ್ಮಲ್ಲಾದರೋ "ಸ್ವಲ್ಪ ಹಲಸಿನ ಹಪ್ಪಳ, ನಮ್ಮ ಹುಡುಗನಿಗೆ ಕೊಟ್ಟುಬಿಡಿ" ಎಂದು ನೆರೆಯವರು ಟೇಪು ಸುತ್ತಿದ ಡಬ್ಬಿ ತಂದಾಗ, ಬಿಚ್ಚಿ ನೋಡಿದರೆ ಏನೆಂದುಕೊಂಡಾರೋ ಎಂಬ ದಾಕ್ಷಿಣ್ಯ. ಬಿಚ್ಚಿ ನೋಡಬೇಕು, ಅವರ ಎದುರಿನಲ್ಲಿಯೇ ನೋಡಬೇಕು, ಮತ್ತೆ ನಮ್ಮ ಕೈಯಿಂದಲೇ ಕಟ್ಟಬೇಕು. ಅದಕ್ಕೆ ಒಪ್ಪದವರ ಪೊಟ್ಟಣವನ್ನು ಒಯ್ಯದಿರುವುದು ಒರಟುತನವಲ್ಲ. ಕೊಡುವವರು ಕೂಡ ತಾವಾಗಿಯೇ ತೆರೆದು ತೋರಿಸಿದರೆ ಒಯ್ಯುವವರಿಗೆ ಮುಜುಗರ ತಪ್ಪುತ್ತದೆ.

ಕಾಗದಪತ್ರಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ನಮ್ಮ ಹಿರಿಯ ಸ್ತ್ರೀಯರಲ್ಲಿ ಕೆಲವರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿಲ್ಲದೆ ಒಂದೇ ಹೆಸರಿರುತ್ತದೆ. 2022ರ ನವೆಂಬರ್ ತಿಂಗಳಿನಿಂದ ಯು.ಎ.ಇ. ವಿಸಿಟ್ ವೀಸಾದ ಮೇಲೆ ಬರುವ ಒಂಟಿ ಹೆಸರಿನವರಿಗೆ ನಿರ್ಬಂಧ ವಿಧಿಸಿತು. ಬಳಿಕ, ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪಲಾಗುವುದೆಂದು ತಿಳಿಸಿತು. ಟಿಕೇಟು ಕೊಳ್ಳುವ ಮೊದಲೇ ಇದನ್ನು ವಿಚಾರಿಸಿಕೊಳ್ಳಬೇಕು. ಡಿಸೋಜ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆಯುವ ನಮ್ಮವರು ಟಿಕೇಟು, ವೀಸಾ, ಪಾಸ್‌ಪೋರ್ಟು ಮೂರರಲ್ಲಿಯೂ ಒಂದೇ ಅಕ್ಷರಗಳಿವೆಯೇ ಎಂದು ನೋಡಿಕೊಳ್ಳಲಿ. ವಿಮಾನ ಹೊರಡುವ ಹಿಂದಿನ ದಿನ ಜ್ಞಾನಸ್ನಾನದ ಪ್ರಮಾಣಪತ್ರ ತಿದ್ದಿಕೊಡಿ ಎಂದು ಧರ್ಮಕೇಂದ್ರದ ಕಚೇರಿಗೆ ಓಡಿಬಂದರೆ ಯಾವ ಧರ್ಮಗುರುವೂ ಏನನ್ನೂ ಮಾಡಲಾರರು. ಮರುಪ್ರಯಾಣದ ಟಿಕೇಟು, ಉಳಿಯುವ ಮನೆಯ ವಿಳಾಸ, ಸಾಕಷ್ಟು ಹಣ ಕೈಯಲ್ಲಿರಲಿ. ಇವಿಲ್ಲವೆಂಬ ಕಾರಣದಿಂದ 2024ರಲ್ಲಿ ದುಬಾಯಿಗೆ ಹೊರಟ ಕೆಲವು ಭಾರತೀಯರು ಪ್ರಯಾಣ ಮುಂದುವರಿಸಲಾಗದೆ ತೊಂದರೆಗೊಳಗಾದರು.

ವಿಸಿಟ್ ವೀಸಾದ ಮೇಲೆ ದುಡಿಯುವುದು ಅಪರಾಧ. "ಈಗ ಹೋಗಿ, ಅಲ್ಲಿ ಕೆಲಸದ ವೀಸಾ ಮಾಡಿಸಿಕೊಡುತ್ತೇವೆ" ಎನ್ನುವ ಏಜೆಂಟರ ಮಾತಿಗೆ ನಮ್ಮ ಯುವಕರು ಬಲಿಬೀಳಬಾರದು. ಏಜೆಂಟರು ನೋಂದಾಯಿತರೇ ಎಂಬುದನ್ನು ಭಾರತ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಅವಧಿ ಮೀರಿ ಉಳಿದರೆ ದಿನಲೆಕ್ಕದಲ್ಲಿ ದಂಡವಿದೆ.

ನಮ್ಮ ವಿಶ್ವಾಸದ ಆಚರಣೆಯ ಬಗೆಗೂ ಎರಡು ಮಾತು. ಅಬುಧಾಬಿಯಲ್ಲಿ ಸಂತ ಜೋಸೆಫರ, ದುಬಾಯಿಯಲ್ಲಿ ಸಂತ ಮರಿಯಮ್ಮನವರ ದೇವಾಲಯಗಳು 1960ರ ದಶಕದಿಂದ ಇವೆ. ಕತಾರಿನ ಜಪಮಾಲೆ ಮಾತೆಯ ದೇವಾಲಯ 2008ರಲ್ಲಿ ತೆರೆಯಿತು. ಅಂದಿನ ಪೋಪ್ ಫ್ರಾನ್ಸಿಸರು 2019ರ ಫೆಬ್ರವರಿಯಲ್ಲಿ ಅಬುಧಾಬಿಯಲ್ಲಿ ಬಹಿರಂಗ ಬಲಿಪೂಜೆಯನ್ನೇ ಅರ್ಪಿಸಿದರು. ಆದರೆ ಸೌದಿ ಅರೇಬಿಯಾದಲ್ಲಿ ಒಂದು ದೇವಾಲಯವೂ ಇಲ್ಲ, ಬಹಿರಂಗ ಆರಾಧನೆಗೆ ಅವಕಾಶವೂ ಇಲ್ಲ. ಇಸ್ಲಾಂ ಧರ್ಮದವರಲ್ಲಿ ಕ್ರೈಸ್ತಧರ್ಮ ಪ್ರಚಾರ ಮಾಡುವುದು ಈ ಯಾವ ದೇಶದಲ್ಲಿಯೂ ಸಲ್ಲದು. ಕಟ್ಟುಕಟ್ಟಾಗಿ ಪ್ರಾರ್ಥನಾ ಪತ್ರಗಳನ್ನೊಯ್ದು ಸಿಕ್ಕಸಿಕ್ಕವರಿಗೆ ಹಂಚುವ ಉತ್ಸಾಹವನ್ನು ಊರಿನಲ್ಲಿಯೇ ಬಿಟ್ಟುಹೋಗುವುದು ಲೇಸು. ಅದರ ಪರಿಣಾಮವನ್ನು ಉಣ್ಣುವವರು ಅಲ್ಲಿ ನೆಲೆಸಿರುವ ಮಕ್ಕಳು. ರಂಜಾನ್ ಮಾಸದ ಹಗಲಿನಲ್ಲಿ ಸಾರ್ವಜನಿಕವಾಗಿ ತಿನ್ನುವುದು, ಕುಡಿಯುವುದು ಕುವೈತಿನಲ್ಲಿ ಕಾನೂನುಬಾಹಿರ. ಅಪರಿಚಿತರ, ಅದರಲ್ಲಿಯೂ ಸ್ತ್ರೀಯರ ಛಾಯಾಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದು ಮೊಬೈಲಿನಲ್ಲಿ ಹಂಚುವುದು ಯು.ಎ.ಇ.ಯಲ್ಲಿ ಶಿಕ್ಷಾರ್ಹ.

2025ರ ಜೂನ್ 23ರಂದು ಕತಾರಿನಲ್ಲಿರುವ ಅಮೆರಿಕನ್ ಸೇನಾನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿದಾಗ ಕೊಲ್ಲಿಯ ಹಲವು ದೇಶಗಳ ವಾಯುಮಾರ್ಗ ಕೆಲಹೊತ್ತು ಮುಚ್ಚಿತ್ತು. ಆದುದರಿಂದ ಹೊರಡುವ ವಾರದಲ್ಲಿ ವಿದೇಶಾಂಗ ಸಚಿವಾಲಯದ ಸೂಚನೆಗಳನ್ನು ನೋಡಬೇಕು. ಕೆಲವು ದಿನಗಳಿಗೆ ಹೆಚ್ಚಾಗುವಷ್ಟು ಔಷಧವೂ ಹಣವೂ ಕೈಯಲ್ಲಿರಬೇಕು.

ಇಷ್ಟರ ಮೇಲೆಯೂ ಯಾರಾದರೂ ಬಂಧನಕ್ಕೊಳಗಾದರೆ? ಸಂತ ಪೌಲರು ಯೆರೂಸಲೇಮಿನಲ್ಲಿ ಕೊರಡೆಯ ಏಟಿಗೆ ಕಟ್ಟಲ್ಪಟ್ಟಾಗ ತಮ್ಮ ರೋಮ್ ಪೌರತ್ವವನ್ನು ಹೇಳಿಕೊಳ್ಳಲು ಸಂಕೋಚಪಡಲಿಲ್ಲ. 1963ರ ವಿಯೆನ್ನಾ ಒಪ್ಪಂದದ ಪ್ರಕಾರ, ಬಂಧಿತನಾದ ವಿದೇಶಿ ಕೇಳಿಕೊಂಡರೆ ಅವನ ದೇಶದ ದೂತಾವಾಸಕ್ಕೆ ತಿಳಿಸಲೇಬೇಕು. ಆದುದರಿಂದ ಮೊದಲು ಕೇಳಬೇಕಾದುದು ಅದನ್ನೇ. ತನಗೆ ಅರ್ಥವಾಗದ ಅರಬ್ಬೀ ಬರಹಕ್ಕೆ ಸಹಿಮಾಡುವ ಮುನ್ನ ಅನುವಾದಕರನ್ನು ಕೇಳಬೇಕು. ಊರಿನಲ್ಲಿರುವ ಮನೆಯವರು 2015ರಿಂದ ಇರುವ 'ಮದದ್' ಜಾಲತಾಣದ ಮೂಲಕ ವಿದೇಶಾಂಗ ಸಚಿವಾಲಯಕ್ಕೆ ದೂರು ಕೊಡಬಹುದು. ದೂರು ಕೊಡಲು ಪಾಸ್‌ಪೋರ್ಟಿನ ಸಂಖ್ಯೆ ಬೇಕು; ಪಾಸ್‌ಪೋರ್ಟು, ವೀಸಾ, ಟಿಕೇಟುಗಳ ಒಂದೊಂದು ನೆರಳಚ್ಚು ಪ್ರತಿ ಮನೆಯ ಕಪಾಟಿನಲ್ಲಿರಲಿ. ಮೊಬೈಲು ಕೈಯಲ್ಲಿ ಇಲ್ಲದ ವೇಳೆಯೂ ಬರಬಹುದಾದ್ದರಿಂದ ಭಾರತೀಯ ದೂತಾವಾಸದ ಮತ್ತು ಮನೆಯ ದೂರವಾಣಿ ಸಂಖ್ಯೆಗಳನ್ನು ಒಂದು ಕಾಗದದಲ್ಲಿ ಬರೆದು ಅಜ್ಜಿಯ ಕೈಚೀಲದಲ್ಲಿ, ಜಪಸರದ ಪಕ್ಕದಲ್ಲಿ ಇಟ್ಟುಕೊಡಿ.